ಖಾಲಿ ಸೀರಂನಲ್ಲಿ ಎದ್ದ ಗೋಪುರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ನಾನು ಜಗಳ ಆಡದ ಮನುಷ್ಯರಿಲ್ಲ, ಜಗಳ ಆಡದ ಯಂತ್ರವೂ ಇಲ್ಲ. ವಿಶಾಖಪಟ್ಟಣದ ನಮ್ಮ ಲ್ಯಾಬಿನಲ್ಲಿ ಸೀಸೆ ತೊಳೆಯುವವರಿಂದ ಹಿಡಿದು ನೀರು ಶುದ್ಧ ಮಾಡುವ ಪೆಟ್ಟಿಗೆಯವರೆಗೆ ಎಲ್ಲರಿಗೂ ನನ್ನಿಂದ ಬೈಗುಳ ಬಿದ್ದಿದೆ. ತಪ್ಪಿಸಿಕೊಂಡವರು ಒಬ್ಬರೇ, ನಮ್ಮತ್ತೆ. ಅವರ ಸರದಿ ಕೊನೆಗೆ ಬಂತು.

ನನ್ನ ಗಂಡ ಬ್ಯಾಂಕಿನ ಅಧಿಕಾರಿ. ಬ್ಯಾಂಕಿನವರನ್ನು ಮದುವೆಯಾದವರಿಗೆ ಗೊತ್ತು, ಪಾತ್ರೆಗೆ ಸುತ್ತಿದ ಹಳೇ ಪೇಪರು ಬಿಚ್ಚಿ ಮುಗಿಯುವಷ್ಟರಲ್ಲಿ ಮತ್ತೆ ಸುತ್ತುವ ಕಾಲ ಬಂದಿರುತ್ತದೆ. ಆಗ ಅವರು ದ್ವಾರಕಾ ನಗರದ ಶಾಖೆಯಲ್ಲಿದ್ದರು, ನಮ್ಮ ಬಾಡಿಗೆ ಫ್ಲ್ಯಾಟು ಮಧುರವಾಡದಲ್ಲಿತ್ತು. ನಾನು ಋಷಿಕೊಂಡದ ಹತ್ತಿರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಅಲ್ಲೇ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದೆ. ಹಿಂದಿನ ಊರಿನಲ್ಲೂ ಒಂದು ಪಿಎಚ್‌ಡಿ ಶುರು ಮಾಡಿದ್ದೆ. ವರ್ಗಾವಣೆ ಬಂತು, ಅದು ಅಲ್ಲೇ ಸತ್ತಿತು. ಈ ಸಲವೂ ಬೇಸಿಗೆಗೆ ಆರ್ಡರ್ ಬರುವುದು ಗ್ಯಾರಂಟಿ ಅಂತ ಬ್ಯಾಂಕಿನಲ್ಲಿ ಗುಸುಗುಸು ಎದ್ದಿತ್ತು. ಅಷ್ಟರೊಳಗೆ ಲ್ಯಾಬಿನ ಕೆಲಸ ಮುಗಿಯದಿದ್ದರೆ ಈ ಜನ್ಮಕ್ಕೆ ನನಗೆ ಡಾಕ್ಟರೇಟ್ ಇಲ್ಲ. ಮೂರನೇ ಸಲ ಮೊದಲಿಂದ ಶುರು ಮಾಡುವ ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಮೊದಲನೇ ಸಲದ್ದನ್ನೇ ಕಡ ಕೊಟ್ಟ ಹಾಗೆ ಕೊಟ್ಟಿದ್ದ.

ಕೆಲಸ ಏನು ಅಂತ ಹೇಳಬೇಕಲ್ಲ. ಲೆವೊಫ್ಲಾಕ್ಸಾಸಿನ್ ಅಂತ ಒಂದು ಆಂಟಿಬಯೋಟಿಕ್. ಅದು ಮಾತ್ರೆಯಲ್ಲಿ ಎಷ್ಟಿದೆ, ಮನುಷ್ಯನ ರಕ್ತದ ಸೀರಂನಲ್ಲಿ ಎಷ್ಟಿದೆ ಅಂತ ಒಂದೇ ವಿಧಾನದಲ್ಲಿ ಅಳೆಯಬೇಕು. ಅಳೆಯುವ ಯಂತ್ರಕ್ಕೆ ಎಚ್‌ಪಿಎಲ್‌ಸಿ ಅನ್ನುತ್ತಾರೆ. ಅದರ ಜೀವ ಇರುವುದು ಗೇಣುದ್ದದ ಉಕ್ಕಿನ ಕೊಳವೆಯಲ್ಲಿ, ಅದು ಕಾಲಮ್. ಒಳಗೆ ಬಿಳೀ ಪುಡಿ ಒತ್ತಿ ತುಂಬಿರುತ್ತಾರೆ. ಒಂದು ಕಡೆಯಿಂದ ದ್ರಾವಣ ತಳ್ಳಿದರೆ ಅದರಲ್ಲಿರುವ ಪದಾರ್ಥಗಳು ಒಂದೊಂದೂ ಬೇರೆಬೇರೆ ಹೊತ್ತಿಗೆ ಆಚೆ ಬರುತ್ತವೆ. ಮದುವೆ ಮನೆಯಿಂದ ಜನ ಹೊರಡುವ ಹಾಗೆ. ಸಂಬಂಧವಿಲ್ಲದವರು ಕೈ ತೊಳೆದು ನೇರ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ, ಹತ್ತಿರದವರು ಎಲೆಯಡಿಕೆ ಹಾಕಿಕೊಂಡು ಇನ್ನೊಂದು ಸುತ್ತು ಮಾತಾಡಿ ಹೋಗುತ್ತಾರೆ. ನಮ್ಮ ಔಷಧಿ ಐದನೇ ನಿಮಿಷಕ್ಕೆ ಬರುತ್ತಿತ್ತು. ಬಂದಾಗ ಪರದೆಯ ಮೇಲೆ ಮಟ್ಟಸ ಗೆರೆ ಮೇಲೆದ್ದು ಗೋಪುರ ಕಟ್ಟಿ ಇಳಿಯುತ್ತದೆ. ಅದಕ್ಕೆ ಪೀಕ್ ಅಂತ ಹೆಸರು. ಗೋಪುರ ಎಷ್ಟು ದೊಡ್ಡದೋ ಔಷಧಿ ಅಷ್ಟು.

ಮಾತ್ರೆಯ ಕೆಲಸ ಹೂ ಎತ್ತಿದ ಹಾಗೆ ಮುಗಿಯಿತು. ಕುಟ್ಟು, ಕರಗಿಸು, ಸೋಸು, ಯಂತ್ರಕ್ಕೆ ಹಾಕು. ಡಬ್ಬಿಯ ಮೇಲೆ ಬರೆದಷ್ಟೇ ಒಳಗೂ ಇತ್ತು. ರಕ್ತ ಹಾಗಲ್ಲ. ಅದರಲ್ಲಿ ಏನಿಲ್ಲ ಹೇಳಿ! ಅದಕ್ಕೇ ಮೊದಲು ಯಾವ ಔಷಧಿಯನ್ನೂ ತೆಗೆದುಕೊಳ್ಳದವರ ಸೀರಂ ತಂದು ಯಂತ್ರಕ್ಕೆ ಹಾಕಿ, ನಮ್ಮ ಔಷಧಿ ಬರುವ ಜಾಗದಲ್ಲಿ ಏನೂ ಇಲ್ಲ, ಗೆರೆ ಮಟ್ಟಸವಾಗಿದೆ ಅಂತ ತೋರಿಸಬೇಕು. ಇದನ್ನು ಖಾಲಿ ಸೀರಂ ಅನ್ನೋಣ. ಆಮೇಲೆ ಅದೇ ಸೀರಂಗೆ ಗೊತ್ತಿದ್ದಷ್ಟು ಔಷಧಿ ಬೆರೆಸಿ, ಅಷ್ಟೂ ವಾಪಸ್ ಸಿಗುತ್ತದೆ ಅಂತ ತೋರಿಸಬೇಕು. ಖಾಲಿಯೇ ಖಾಲಿಯಾಗಿಲ್ಲದಿದ್ದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ.

ಇನ್ನು ನಮ್ಮತ್ತೆ. ಗದಗಿನ ಕಡೆಯವರು, ನಾನು ತುಮಕೂರಿನವಳು. ಅವರ ಹತ್ತಿರ ಒಂದು ಕಷಾಯವಿದೆ. ಶುಂಠಿ, ಮೆಣಸು, ಹಿಪ್ಪಲಿ, ಜೀರಿಗೆ, ತುಳಸಿ, ಮೇಲೊಂದಿಷ್ಟು ಬೆಲ್ಲ. ನೆಗಡಿ, ಕೆಮ್ಮು, ಮೈಕೈ ನೋವು, ಪರೀಕ್ಷೆಯ ಭಯ, ಎಲ್ಲಕ್ಕೂ ಅದೇ. ಮದುವೆಯಾಗಿ ಬಂದ ಮೊದಲ ವಾರವೇ ನನ್ನ ಮುಂದೆ ಲೋಟ ಇಟ್ಟಿದ್ದರು. "ನಾನು ಫಾರ್ಮಸಿ ಓದಿದವಳು ಅತ್ತೆ, ಇದೆಲ್ಲ ಕುಡಿಯೋದಿಲ್ಲ" ಅಂದೆ. "ಓದಿದವ್ರಿಗೂ ಮೂಗು ಇರ್ತೈತಲ್ಲವ್ವಾ" ಅಂದರು. ಅಷ್ಟೇ. ಅವತ್ತಿನಿಂದ ಅವರು ಕೊಡಲಿಲ್ಲ, ನಾನು ಕೇಳಲಿಲ್ಲ.

ವಿಶಾಖಪಟ್ಟಣದಲ್ಲಿ ಅತ್ತೆಗೆ ತೆಲುಗು ಬರುತ್ತಿರಲಿಲ್ಲ. ಆದರೆ ಕಷಾಯಕ್ಕೆ ತೆಲುಗಿನಲ್ಲೂ ಕಷಾಯಂ ಅಂತಲೇ ಹೆಸರು, ಅವರಿಗೆ ಅಷ್ಟು ಸಾಕಾಗಿತ್ತು. ನಮ್ಮ ಕೆಳಗಿನ ಮನೆಯ ತೆಲುಗಿನಾಕೆ ಮಗನಿಗೆ ಮೂಗು ಸೋರಿದರೆ ಬಂದು ಬೆಲ್ ಒತ್ತುತ್ತಿದ್ದರು. ನೌಕಾಪಡೆಯ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಕಡೆಯ ಕುಟುಂಬಗಳಿಗೂ ಬ್ಯಾಂಕಿನ ಕ್ಲರ್ಕುಗಳಿಗೂ ಇದೇ ಕಷಾಯ ಫ್ಲಾಸ್ಕಿನಲ್ಲಿ ಹೋಗುತ್ತಿತ್ತು. "ಒಂದ ಲೋಟಕ್ಕ ನೆಗಡಿ ಓಡಿಹೋತು ನೋಡ್ರಿ" ಅಂತ ಅವರು ಫೋನ್ ಮಾಡಿದರೆ ಅತ್ತೆ ಸ್ಪೀಕರ್ ಹಾಕಿ ನನಗೆ ಕೇಳಿಸುತ್ತಿದ್ದರು. ಆ ಸ್ಪೀಕರ್ ಸದ್ದಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟಾದರೂ ನನ್ನ ಸೆಮಿನಾರುಗಳ ಏಕೈಕ ಶ್ರೋತೃ ಅತ್ತೆಯೇ. ಹಾಲ್‌ನಲ್ಲಿ ನಿಂತು ನಾನು ಭಾಷಣ ಅಭ್ಯಾಸ ಮಾಡುತ್ತಿದ್ದರೆ ಅವರು ಬೆಳ್ಳುಳ್ಳಿ ಬಿಡಿಸುತ್ತ ಕೇಳುತ್ತಿದ್ದರು. ಅವರಿಗಾಗಿ ಒಂದಿಷ್ಟು ಕನ್ನಡದಲ್ಲಿ ಹೇಳುತ್ತಿದ್ದೆ. "ಈ ಔಷಧಿ ಶ್ವಾಸಕೋಶ, ಗಂಟಲು, ಮೂತ್ರಕೋಶ, ಚರ್ಮ, ಎಲ್ಲಾ ಕಡೆ ಹೋಗಿ ಕೆಲಸ ಮಾಡುತ್ತೆ. ಇದರಷ್ಟು ಚುರುಕು ಇನ್ನೊಂದಿಲ್ಲ." ಅತ್ತೆ ತಲೆಯಾಡಿಸುತ್ತಿದ್ದರು. ಪರವಾಗಿಲ್ಲ, ಇವರಿಗೂ ವಿಜ್ಞಾನ ಇಳಿಯುತ್ತಿದೆ ಅಂದುಕೊಂಡಿದ್ದೆ. ಇಳಿದಿತ್ತು. ಎಲ್ಲಿಗೆ ಅನ್ನುವುದು ಆಮೇಲೆ ಗೊತ್ತಾಯಿತು.

ಖಾಲಿ ಸೀರಂಗೆ ರಕ್ತ ಕೊಡುವವರು ಬೇಕಿತ್ತು. ಮನುಷ್ಯರ ರಕ್ತ ಬಳಸಲು ಕಾಲೇಜಿನ ಎಥಿಕ್ಸ್ ಸಮಿತಿ ಒಪ್ಪಿಗೆ ಕೊಟ್ಟಿತ್ತು, ಆದರೆ ನನ್ನ ಜಗಳಗಂಟಿ ಕೀರ್ತಿಯಿಂದಾಗಿ ಲ್ಯಾಬಿನ ಒಬ್ಬರೂ ಮುಂದೆ ಬರಲಿಲ್ಲ. ಅತ್ತೆಯೇ ಒಟ್ಟು ಮಾಡಿದರು. ಬೆಳಗಾವಿ ಕಡೆಯ ಒಬ್ಬ ನೌಕಾಪಡೆಯವರು, ಅವರ ಹೆಂಡತಿ, ಬ್ಯಾಂಕಿನ ಕ್ಲರ್ಕುಗಳು, ಹೀಗೆ ಆರು ಜನ. ಹದಿನೈದು ದಿನದಿಂದ ಯಾವ ಔಷಧಿಯನ್ನೂ ತೆಗೆದುಕೊಂಡಿಲ್ಲ ಅಂತ ಆರೂ ಜನ ಸಹಿ ಹಾಕಿದರು. ರಕ್ತ ಕೊಡುವ ಹಿಂದಿನ ಸಂಜೆ ಅತ್ತೆ ಅವರನ್ನೆಲ್ಲ ಮನೆಗೆ ಕರೆದು, "ರಕ್ತ ಕೊಡೋರಿಗೆ ಮೈಯಾಗ ಕಸುವು ಬೇಕು" ಅಂತ ಒಂದೊಂದು ಲೋಟ ಕಷಾಯ ಕುಡಿಸಿದರು. ಶುಂಠಿ ಮೆಣಸು ತಾನೇ, ಕುಡಿಯಲಿ ಅಂತ ನಾನೂ ಸುಮ್ಮನಿದ್ದೆ. ಎಲ್ಲರೂ ಮೂಗೊರೆಸಿಕೊಂಡು ಖುಷಿಯಾಗಿ ಹೋದರು.

ಮಾರನೆಯ ಬೆಳಿಗ್ಗೆ ರಕ್ತ ಬಂತು. ಅದು ಹೆಪ್ಪುಗಟ್ಟಿದ ಮೇಲೆ ಗಿರಗಿರ ತಿರುಗಿಸಿ ಮೇಲಿನ ತಿಳಿ ತೆಗೆದೆ. ಅದೇ ಸೀರಂ. ಅದಕ್ಕೆ ದ್ರಾವಕ ಹಾಕಿದರೆ ಪ್ರೋಟೀನೆಲ್ಲ ಹಾಲು ಒಡೆದ ಹಾಗೆ ಒಡೆದು ಕೆಳಗೆ ಕೂರುತ್ತದೆ. ಮೇಲಿನದನ್ನು ಯಂತ್ರಕ್ಕೆ ಹಾಕಿ ಕೈ ಕಟ್ಟಿ ಕೂತೆ. ಒಂದು ನಿಮಿಷ, ಎರಡು, ಮೂರು, ನಾಲ್ಕು. ಐದನೇ ನಿಮಿಷಕ್ಕೆ ಗೆರೆ ಮೇಲೆದ್ದಿತು. ಸಣ್ಣದಾದರೂ ಚಂದದ, ಲಕ್ಷಣವಾದ ಗೋಪುರ. ಯಾವ ಔಷಧಿಯೂ ಇಲ್ಲದ ರಕ್ತದಲ್ಲಿ ನನ್ನ ಔಷಧಿ!

"ಅಯ್ಯೋ ನಿನ್ನ!" ಅಂದೆ. ಯಂತ್ರಕ್ಕೇ ಅಂದದ್ದು.

ಎರಡನೆಯವರ ಸೀರಂ ಹಾಕಿದೆ, ಗೋಪುರ. ಮೂರನೆಯವರದು, ಗೋಪುರ. ಆರೂ ಜನರದ್ದೂ ಗೋಪುರ. ಸಾಲಾಗಿ ಮುದ್ರಿಸಿ ಗೋಡೆಗೆ ಅಂಟಿಸಿದರೆ ತೀರ್ಥಯಾತ್ರೆಗೆ ಹೋದ ಹಾಗಿತ್ತು. ಸೀಸೆಗಳನ್ನು ಸರಿಯಾಗಿ ತೊಳೆದಿಲ್ಲ ಅಂತ ತೊಳೆಯುವಾಕೆಯ ಮೇಲೆ ಹಾರಾಡಿದೆ. ಆಕೆ ನನ್ನೆದುರೇ ಮತ್ತೆ ತೊಳೆದು ನನ್ನ ಕೈಗೆ ಕೊಟ್ಟು ಹೋದಳು. ನೀರು ಬದಲಾಯಿಸಿದೆ, ದ್ರಾವಕ ಬದಲಾಯಿಸಿದೆ, ಹೊಸ ಕಾಲಮ್ ತರಿಸಿದೆ. ಕಡೆಗೆ ಋಷಿಕೊಂಡದ ಸಮುದ್ರದ ಉಪ್ಪುಗಾಳಿಯ ಮೇಲೆ ಅನುಮಾನ ಬಂದು ಕಿಟಕಿಗೆಲ್ಲ ಟೇಪ್ ಅಂಟಿಸಿದೆ. ಒಳಗೆ ಸೆಖೆಯಲ್ಲಿ ನಾವು ಬೆಂದೆವು, ಗೋಪುರ ಅಲ್ಲಾಡಲಿಲ್ಲ.

ನಮ್ಮ ಗೈಡ್ ಬಹಳ ಶಾಂತ ಸ್ವಭಾವದ ತೆಲುಗಿನವರು. ಸಿಟ್ಟು ಬಂದವರಿಗೆ ಶಾಂತರನ್ನು ಕಂಡರೆ ಇನ್ನಷ್ಟು ಸಿಟ್ಟು. "ಯಂತ್ರ ಸುಳ್ಳು ಹೇಳೋದಿಲ್ಲ ಅಮ್ಮಾ" ಅಂದರು. "ಎಲ್ಲೋ ನಿಮ್ಮ ಮಾತ್ರೆಯ ಪುಡಿ ಸೀರಂಗೆ ಸೇರುತ್ತಿದೆ. ಕೈ ಎಲ್ಲಾದರೂ..."

"ನನ್ನ ಕೈ ಸ್ವಚ್ಛವಾಗಿದೆ ಸರ್!"

"ಕೈ ಸ್ವಚ್ಛವಾಗಿದೆ ಅಮ್ಮಾ. ಸೀರಂ ಸ್ವಚ್ಛವಾಗಿಲ್ಲ" ಅಂದು ಚಹಾ ಕುಡಿದರು.

ವಿಧಾನ ಇನ್ನೊಂದು ಊರಿನ ಲ್ಯಾಬಿನಲ್ಲೂ ನಡೆಯುತ್ತದೆ ಅಂತ ಥೀಸಿಸ್‌ನಲ್ಲಿ ಹೇಗೂ ತೋರಿಸಬೇಕಿತ್ತು. ಅದಕ್ಕೆ ವಿಜಯವಾಡದ ಒಂದು ಕಾಲೇಜನ್ನು ಗೊತ್ತುಮಾಡಿಕೊಂಡಿದ್ದೆವು. ನಿಮ್ಮ ಖಾಲಿ ಸೀರಂ ಅಲ್ಲಿಗೂ ಒಯ್ದು ನೋಡಿ, ಅಂದರು ಗೈಡ್. ಅಲ್ಲೂ ಹೀಗೇ ಆದರೆ ಕೆಲಸ ಮೊದಲಿಂದ. ಮೊದಲಿಂದ ಅಂದರೆ ಮುಗಿಯಿತು ಕಥೆ, ನನಗಿದ್ದದ್ದು ಬೇಸಿಗೆವರೆಗೆ. ಅವತ್ತು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸಿಟ್ಟಿನವರು ಅಳುವುದನ್ನು ಯಾರೂ ನೋಡಬಾರದು, ಆಮೇಲೆ ಹೆದರುವುದಿಲ್ಲ.

ಆರು ಜನರ ಸೀರಂ ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಬೆಳಗಿನ ರೈಲು ಹತ್ತಿದೆ. ವಿಶಾಖಪಟ್ಟಣದಿಂದ ಐಸ್ ಡಬ್ಬಿ ಹೊತ್ತು ಯಾರಾದರೂ ರೈಲು ಹತ್ತಿದರೆ ಒಳಗೆ ಒಂದೇ ಇರುತ್ತದೆ ಅಂತ ಆ ಕಡೆಯ ಜನರ ಲೆಕ್ಕ. ಎದುರು ಸೀಟಿನ ಹೆಂಗಸು ಡಬ್ಬಿಯನ್ನು ಪ್ರೀತಿಯಿಂದ ನೋಡಿ ಯಾವ ಮೀನು ಅಂತ ಕೇಳಿದರು. ಮೀನಲ್ಲ ಅಂದೆ. ಹಾಗಾದರೆ ಸಿಗಡಿ, ಅಂತ ಅವರೇ ತೀರ್ಮಾನ ಮಾಡಿದರು. ನಾನು ತಡೆಯಲಾರದೆ, "ಇದು ಮನುಷ್ಯರ ರಕ್ತ ಕಣಮ್ಮಾ!" ಅಂದೆ. ಆಮೇಲೆ ವಿಜಯವಾಡದವರೆಗೆ ಆ ಸೀಟಿನಲ್ಲಿ ನಾನೊಬ್ಬಳೇ ಕಾಲು ಚಾಚಿಕೊಂಡು ಹೋದೆ.

ವಿಜಯವಾಡದ ಲ್ಯಾಬು ನೋಡಿಕೊಳ್ಳುತ್ತಿದ್ದವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಬೆಣ್ಣೆ. ಊರು ಕಾದ ಬಾಣಲೆಯಾಗಿದ್ದರೂ ಆಕೆಯ ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಮೊದಲು ತಮ್ಮೂರಿನವರ ಖಾಲಿ ಸೀರಂ ಹಾಕಿದಳು. ಐದನೇ ನಿಮಿಷದಲ್ಲಿ ಗೆರೆ ಮಲಗಿದ ಮಗುವಿನ ಹಾಗೆ ಮಟ್ಟಸ. ಆಮೇಲೆ ನನ್ನದು. ಗೋಪುರ! ಆಕೆ ನನ್ನನ್ನು ನೋಡಿ, ದನಿ ತಗ್ಗಿಸಿ, "ಮೇಡಂ ಗಾರು, ಗ್ಲೌಸ್ ಹಾಕಿಕೊಂಡೇ ಮಾಡ್ತೀರಲ್ವಾ?" ಅಂದಳು. ಆ ಮರ್ಯಾದೆಗಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು.

"ನಾನು ಮುಟ್ಟೋದೇ ಇಲ್ಲ. ಮುಚ್ಚಳ ತೆಗೆಯೋದರಿಂದ ಹಿಡಿದು ನೀವೇ ಮಾಡಿ" ಅಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೂತೆ. ಆಕೆ ಮಾಡಿದಳು. ಅವರ ಕೈ, ಅವರ ನೀರು, ಅವರ ಗಾಜು. ಮತ್ತೆ ಅದೇ ಗೋಪುರ. ಆ ಯಂತ್ರ ಒಂದೊಂದು ಪದಾರ್ಥ ಬೆಳಕನ್ನು ಹೇಗೆ ಹೀರುತ್ತದೆ ಅನ್ನುವುದನ್ನೂ ಹೇಳುತ್ತಿತ್ತು. ಹೆಬ್ಬೆಟ್ಟಿನ ಗುರುತಿನ ಹಾಗೆ ಅದು ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಸೀರಂನ ಗೋಪುರದ ಗುರುತನ್ನೂ ಅಸಲಿ ಔಷಧಿಯ ಗುರುತನ್ನೂ ಒಂದರ ಮೇಲೊಂದು ಇಟ್ಟು ನೋಡಿದೆವು. ಲೆವೊಫ್ಲಾಕ್ಸಾಸಿನ್, ಬೇರೆ ಮಾತೇ ಇಲ್ಲ.

ಮೊದಲು ಕುಣಿದಾಡುವಷ್ಟು ಖುಷಿಯಾಯಿತು. ನನ್ನ ಕೈ ತಪ್ಪಿಲ್ಲ, ಗಾಜು ತಪ್ಪಿಲ್ಲ, ಸಮುದ್ರವೂ ತಪ್ಪಿಲ್ಲ, ಔಷಧಿ ರಕ್ತದಲ್ಲೇ ಇದೆ. ಆಮೇಲೆ ಆ ಆರು ಸಹಿಗಳ ನೆನಪಾಯಿತು. ಹಾಗಾದರೆ ಆರೂ ಜನ ಸುಳ್ಳು ಸಹಿ ಹಾಕಿದರೇ?

ವಾಪಸ್ ರೈಲಿನಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಮೊದಲು ನೌಕಾಪಡೆಯವರಿಗೆ. "ಮಾತ್ರೆ ಏನಾದರೂ ತಗೊಂಡಿದ್ರಾ, ನಿಜ ಹೇಳಿ" ಅಂದೆ. ಅವರಿಗೆ ಸಿಟ್ಟೇ ಬಂತು. "ಏನ್ರೀ ಮೇಡಂ, ನಾ ಸಹಿ ಮಾಡೀನಿ ಅಂದ್ರ ಮಾಡೀನಿ. ಮಾತ್ರಿ ಯಾಕ ಬೇಕ್ರೀ, ಅಮ್ಮಾರ ಕಷಾಯ ಇರೋ ಹೊತ್ತಿನಾಗ?" ಎರಡನೆಯವರೂ ಕಷಾಯ ಅಂದರು. ರೈಲು ಗೋದಾವರಿ ಸೇತುವೆ ಮೇಲೆ ಬಂತು, ಹೆಂಗಸರೆಲ್ಲ ಕಿಟಕಿಯಿಂದ ನದಿಗೆ ನಾಣ್ಯ ಎಸೆದು ಕೈ ಮುಗಿಯುತ್ತಿದ್ದರು. ಆಗ ಮೂರನೆಯವರು ಫೋನಿನಲ್ಲಿ, "ಹಿಂದಿನ ದಿನ ನಿಮ್ಮನೆ ಕಷಾಯ ಬಿಟ್ರೆ ಬೇರೇನೂ ಇಲ್ಲ ಮೇಡಂ" ಅಂದರು. ನಾನೂ ಒಂದು ನಾಣ್ಯ ಎಸೆದು ಕೈ ಮುಗಿದೆ. ತಾಯೀ, ನಾನು ಅಂದುಕೊಂಡದ್ದು ಸುಳ್ಳಾಗಲಿ ಅಂತ.

ಮನೆಗೆ ಹೋಗಿ ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಕೆಳಗಿನ ಮನೆಯವರಿಗೆಂದು ಅತ್ತೆ ಫ್ಲಾಸ್ಕು ತುಂಬಿಸಿದ್ದರು. "ನಾನು ಕೊಡ್ತೀನಿ ಬಿಡಿ ಅತ್ತೆ" ಅಂದು ತೆಗೆದುಕೊಂಡೆ. ಕಷಾಯದ ಹತ್ತಿರ ನಾನು ಸುಳಿದದ್ದು ಅದೇ ಮೊದಲು. ಅತ್ತೆ ಬೆರಗಾಗಿ ನೋಡುತ್ತಿದ್ದಂತೆ ನಾನು ಕೆಳಗಿನ ಮನೆ ದಾಟಿ, ಆಟೋ ಹತ್ತಿ, ಲ್ಯಾಬಿಗೆ ಹೋದೆ. ಸೋಸಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಯಂತ್ರಕ್ಕೆ ಹಾಕಿದೆ. ಮೊದಲ ಎರಡು ನಿಮಿಷ ಶುಂಠಿ ಮೆಣಸು ಹಿಪ್ಪಲಿಯ ಗಲಾಟೆ. ಐದನೇ ನಿಮಿಷಕ್ಕೆ ಬಂತು ನೋಡಿ! ಪರದೆಯ ಮೇಲ್ತುದಿ ಸಾಲಲಿಲ್ಲ.

ಗೈಡ್ ಹಿಂದೆ ಬಂದು ನಿಂತಿದ್ದರು. "ಇದು ಯಾರ ಸೀರಂ ಅಮ್ಮಾ?"

"ನಮ್ಮತ್ತೆಯ ಕಷಾಯ ಸರ್."

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನಗು ಶುರುವಾಯಿತು. ಶಾಂತ ಮನುಷ್ಯರು ನಕ್ಕರೆ ನಿಲ್ಲುವುದೇ ಇಲ್ಲ. ಕಣ್ಣೊರೆಸಿಕೊಂಡ ಮೇಲೆ ಮಾತ್ರ ಗಂಭೀರವಾಗಿ, "ಸಮಿತಿಗೆ ಹೇಳಬೇಕು. ಕುಡಿದವರಿಗೆಲ್ಲ ಹೇಳಬೇಕು. ಆ ಸೀರಂ ಪೂರ್ತಿ ಚೆಲ್ಲಬೇಕು" ಅಂದರು.

ಮನೆಗೆ ಬಂದಾಗ ಅತ್ತೆ ಬಾಲ್ಕನಿಯಲ್ಲಿ ಶುಂಠಿ ಒಣಹಾಕುತ್ತಿದ್ದರು.

"ಅತ್ತೆ, ಕಷಾಯಕ್ಕೆ ಏನೇನು ಹಾಕ್ತೀರಿ?"

"ಶುಂಠಿ, ಮೆಣಸು, ಹಿಪ್ಪಲಿ, ಜೀರಗಿ."

"ಆಮೇಲೆ?"

"ತುಳಸಿ, ಬೆಲ್ಲ."

"ಆಮೇಲೆ?"

ಅತ್ತೆ ಒಂದು ಶುಂಠಿ ತುಂಡನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿಟ್ಟರು. "ನಿನ್ನ ಮಾತ್ರಿ" ಅಂದರು.

"ನನ್ನ ಮಾತ್ರೆ ಯಾಕೆ ಹಾಕಿದ್ರಿ!"

"ನೀನ ಹೇಳಿದ್ದಿಲ್ಲೇನ? ಗಂಟಲಕ್ಕ ಹೋಗ್ತೈತಿ, ಎದಿಗೆ ಹೋಗ್ತೈತಿ, ಇದರಷ್ಟ ಚುರುಕ ಇನ್ನೊಂದಿಲ್ಲ ಅಂತ? ಹಾಲ್‌ನ್ಯಾಗ ನಿಂತು ದಿನಾ ಹೇಳಿದಿ. ಮೂಲ್ಯಾಗಿನ ಔಷಧದಂಗಡಿಯಾವ್ಗ ನಿನ್ನ ಭಾಷಣದ ಚೀಟಿ ಮ್ಯಾಲೆ ಹೆಸರ ತೋರಿಸಿದೆ, ಕೊಟ್ಟ."

ಗಲಾಟೆ ಕೇಳಿ ನನ್ನ ಗಂಡ ಒಳಗಿನಿಂದ ಬಂದರು. ವಿಷಯ ತಿಳಿದು ಮುಖ ಬಿಳುಚಿಕೊಂಡಿತು. "ಅವ್ವಾ, ನನಗೂ ಹಾಕ್ತಿದ್ದೇನ?"

"ನಿನಗ ಎರಡ ಹಾಕ್ತಿದ್ದೆ. ನೀ ಭಾಳ ಸೊರಗೀದಿ."

ನನಗೆ ನಗು ಬರಲಿಲ್ಲ. ಅವತ್ತಿನಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ, ಹೆದರಿಕೆಯೂ. "ಯಾರಿಗಾದ್ರೂ ಆ ಔಷಧಿ ಒಗ್ಗದೆ ಉಸಿರು ಕಟ್ಟಿದ್ರೆ? ಕೆಳಗಿನ ಮನೆ ಮಗೂಗೆ ಏನಾದ್ರೂ ಆಗಿದ್ರೆ? ಹೇಳದೆ ಕೇಳದೆ ಊರಿಗೆಲ್ಲ ಆಂಟಿಬಯೋಟಿಕ್ ಕುಡಿಸಿದ್ದೀರಲ್ಲ, ನಿಮ್ಮನ್ನ ಏನನ್ನಬೇಕು?" ಅಂತ ಕೂಗಾಡಿದೆ.

"ಸಣ್ಣ ಹುಡುಗ್ರಿಗೆ, ಬಸುರ್ಯಾರಿಗೆ ಬ್ಯಾರೆ ಕುದಿಸಿ ಕೊಟ್ಟೀನಿ, ಮಾತ್ರಿ ಹಾಕಿಲ್ಲ" ಅಂದರು. ದನಿ ಕುಸಿದಿತ್ತು. ಆಮೇಲೆ ಅವರಾಗಿಯೇ ಹೇಳಿದರು. ಈ ಊರಿಗೆ ಬಂದ ಹೊಸದರಲ್ಲಿ ಕೆಳಗಿನ ಮನೆಯಾಕೆಗೆ ಕಷಾಯ ಕೊಟ್ಟಿದ್ದರಂತೆ. ವಾರ ಕಳೆದರೂ ಕೆಮ್ಮು ಹೋಗಲಿಲ್ಲ. ಆಕೆ ಮರ್ಯಾದೆಗೆ "ಪರವಾಲೇದು ಆಂಟೀ" ಅಂದು ನಕ್ಕರು, ಆಮೇಲೆ ಬೆಲ್ ಒತ್ತಲಿಲ್ಲ. ಮತ್ತೆ ಒತ್ತತೊಡಗಿದ್ದು ಕಷಾಯಕ್ಕೆ ಮಾತ್ರೆ ಸೇರಿದ ಮೇಲೆ. "ಗದಗಿನಾಗ ನನ್ನ ಬಾಗಲಕ್ಕ ಚಿಲಕ ಹಾಕಾಕ ಆಗ್ತಿದ್ದಿಲ್ಲವ್ವಾ, ಅಷ್ಟ ಮಂದಿ. ಇಲ್ಲೆ ನೀವಿಬ್ರೂ ಮುಂಜಾನೆ ಹೋದ್ರ ಸಂಜೀಗೆ ಬರ್ತೀರಿ. ನನ್ನ ಮಾತು ಇಲ್ಲಿ ಯಾರಿಗೆ ತಿಳೀತೈತಿ? ಕಷಾಯ ತಿಳೀತಿತ್ತು. ಅದೂ ಸೋತ್ರ ನಾ ಏನ ಮಾಡ್ಲಿ?"

ಉತ್ತರವಿಲ್ಲದಾಗ ನಾನು ಇನ್ನೂ ಜೋರಾಗಿ ಕೂಗುತ್ತೇನೆ. "ಅಷ್ಟಕ್ಕೂ ನೆಗಡಿಗೆ ಅದು ಕೆಲಸಾನೇ ಮಾಡಲ್ಲ ಅತ್ತೆ! ನೆಗಡಿ ಬರೋದು ವೈರಸ್ಸಿಂದ. ಈ ಮಾತ್ರೆಯಿಂದ ಅದರ ಒಂದು ಕೂದಲೂ ಕೊಂಕಲ್ಲ!"

ಅತ್ತೆ ತಲೆಯೆತ್ತಿದರು. "ಹಂಗಂದ್ರ ಅವ್ರಿಗೆಲ್ಲಾ ಆರಾಮ ಆಗಿದ್ದು ಹೆಂಗ?"

ನಾನು ಬಾಗಿಲು ಬಡಿದುಕೊಂಡು ಸ್ನಾನಕ್ಕೆ ಹೋದೆ.

ಕುಡಿದವರಿಗೆ ಫೋನ್ ಮಾಡಿ ಹೇಳೋಣ ಅಂದರು ನನ್ನ ಗಂಡ. ಅತ್ತೆ ಒಪ್ಪಲಿಲ್ಲ. "ಕೈಯಾರೆ ಕೊಟ್ಟೀನಿ, ಬಾಯಾರೆ ಹೇಳ್ತೀನಿ" ಅಂತ ಸೀರೆ ಬದಲಾಯಿಸಿ ಹೊರಟರು. ನೌಕಾಪಡೆಯವರು ಒಂದು ಕ್ಷಣ ಕಣ್ಣು ಬಿಟ್ಟು, ಆಮೇಲೆ, "ಅಮ್ಮಾರ, ಕಷಾಯದಾಗ ತೋಪಿನ ಗುಂಡ ಇಟ್ಟಿದ್ರಲ್ರೀ!" ಅಂತ ನಕ್ಕು, ಊಟ ಮಾಡಿಸಿಯೇ ಕಳಿಸಿದರು. ಕೆಳಗಿನ ಮನೆಯಲ್ಲಿ ಹಾಗಾಗಲಿಲ್ಲ. ಅತ್ತೆ ಕನ್ನಡದಲ್ಲಿ, "ನಾ ತಪ್ಪ ಮಾಡೀನಿ" ಅಂದರು. ನಾನು ತೆಲುಗಿನಲ್ಲಿ ಹೇಳಿದೆ. ಮಗನ ಕಷಾಯಕ್ಕೆ ಹಾಕಿರಲಿಲ್ಲ ಅಂತಲೂ ಹೇಳಿದೆ. ಆಕೆ ಕೇಳಿಸಿಕೊಂಡರು, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡರು. ಅವರದು ನ್ಯಾಯವೇ. ಆದರೂ ಮೆಟ್ಟಿಲು ಹತ್ತುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು, ಅವರು ಯಾವತ್ತೂ ಹಿಡಿದವರಲ್ಲ.

ಸಮಿತಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಹೊಸ ಒಪ್ಪಿಗೆ ಕೊಡುವವರೆಗೆ ಕಾದೆ. ಅದೇ ಆರು ಜನ ಮತ್ತೆ ರಕ್ತ ಕೊಟ್ಟರು, ಈ ಸಲ ಕಷಾಯವಿಲ್ಲದೆ. ಐದನೇ ನಿಮಿಷ ಬಂತು. ಗೆರೆ ಏಳಲಿಲ್ಲ. ಆರೂ ಸೀರಂ ಖಾಲಿ, ಪೂರ್ತಿ ಖಾಲಿ! ಏನೂ ಇಲ್ಲದ್ದನ್ನು ನೋಡಿ ಅಷ್ಟು ಸಂತೋಷ ಪಟ್ಟದ್ದು ಅದೇ ಮೊದಲು. ಐಸ್ ಡಬ್ಬಿ ಮತ್ತೆ ವಿಜಯವಾಡಕ್ಕೆ ಹೋಯಿತು. ಯಾವ ಮೀನು ಅಂತ ಕೇಳಿದವರಿಗೆ ಈ ಸಲ ವಂಜರಂ ಅಂದುಬಿಟ್ಟೆ, ಅದು ಆ ಕಡೆಯವರಿಗೆ ಬಲು ಇಷ್ಟದ ಮೀನು. ವಿಜಯವಾಡದ ಬೆಣ್ಣೆ ಮಾತಿನವಳು, "ನೋಡಿದ್ರಾ ಮೇಡಂ ಗಾರು, ಗ್ಲೌಸ್ ಹಾಕ್ಕೊಂಡ್ರೆ ಎಷ್ಟು ಚೆನ್ನಾಗಿ ಬರುತ್ತೆ" ಅಂದಳು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ, ಕೆಲಸ ಮುಗಿದಿತ್ತಲ್ಲ.

ಥೀಸಿಸ್ ಒಪ್ಪಿಸಿದ ವಾರದಲ್ಲೇ ವರ್ಗಾವಣೆಯ ಆರ್ಡರ್ ಬಂತು, ಒಡಿಶಾಕ್ಕೆ. ಅಲ್ಲಿ ಯಾವ ಭಾಷೆ ಅಂತ ಅತ್ತೆ ಕೇಳಲೇ ಇಲ್ಲ. "ಆ ಊರಾಗ ನೆಗಡಿ ಆಗ್ತೈತಿಲ್ಲ?" ಅಂತ ಕೇಳಿದರು. ಆಮೇಲೆ, "ಹೋಗೂದರೊಳಗ ನನ್ನದೊಂದು ಕೆಲಸ ಮಾಡಿಕೊಡು" ಅಂದರು. ಅವರೇ ಹೊಸದಾಗಿ ಕುದಿಸಿದ್ದ ಕಷಾಯದ ಫ್ಲಾಸ್ಕು ನನ್ನ ಮುಂದಿಟ್ಟರು. "ಇದನ್ನ ನಿನ್ನ ಯಂತ್ರಕ್ಕ ಹಾಕು. ಕೆಳಗಿನಾಕಿಗೆ ತೋರಿಸಬೇಕು."

ಗೈಡ್ ಬೇಡ ಅನ್ನಲಿಲ್ಲ, ಕಾಲಮ್ ನೀವೇ ತೊಳೆದು ಕೊಡಬೇಕು ಅಂದರು ಅಷ್ಟೇ. ಹಾಕಿದೆ. ಮೊದಲ ಎರಡು ನಿಮಿಷ ಅದೇ ಮಸಾಲೆಯ ಗಲಾಟೆ, ಐದನೇ ನಿಮಿಷದಲ್ಲಿ ಮಟ್ಟಸ ಗೆರೆ. ಮುದ್ರಿಸಿದ ಹಾಳೆಯನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿದರು, ಹಿಂದೆ ಕಷಾಯ ಹಿಡಿದು ನಾನು.

ಕೆಳಗಿನ ಮನೆಯಾಕೆ ಬಾಗಿಲು ತೆರೆದರು. ಅವರಿಗೆ ಕೆಮ್ಮಿತ್ತು. ಅತ್ತೆ ಹಾಳೆ ಬಿಡಿಸಿ ಐದನೇ ನಿಮಿಷದ ಮೇಲೆ ಬೆರಳಿಟ್ಟರು. "ಇಲ್ಲಿ ಏನೂ ಇಲ್ಲ" ಅಂದರು. ನಾನು ತೆಲುಗಿನಲ್ಲಿ ಹೇಳಿದೆ. ಮೊದಲು ಅಲ್ಲಿ ಏನಿತ್ತು ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಆಕೆ ಗೆರೆಯ ಶುರುವಿನಲ್ಲಿದ್ದ ಗೋಪುರಗಳನ್ನು ತೋರಿಸಿ, ಮತ್ತೆ ಇವೆಲ್ಲ ಏನು ಅಂತ ಕೇಳಿದರು. ಅತ್ತೆಗೆ ಅರ್ಥವಾಗಿಬಿಟ್ಟಿತು, ನನಗೆ ಕಾಯಲಿಲ್ಲ. "ಇದು ಶುಂಠಿ. ಇದು ಮೆಣಸು. ಇದು ಹಿಪ್ಪಲಿ, ಇದು ತುಳಸಿ" ಅಂತ ಒಂದೊಂದಕ್ಕೂ ಬೆರಳಿಟ್ಟು ಹೇಳಿದರು. ಯಾವುದು ಯಾವುದು ಅಂತ ನನಗೇ ಗೊತ್ತಿರಲಿಲ್ಲ, ಗೈಡಿಗೂ ಗೊತ್ತಿರಲಿಲ್ಲ. ಆಕೆ ಹಾಳೆ ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ಒಳಗಿನಿಂದ ಒಂದು ಲೋಟ ತಂದು ಮುಂದೆ ಹಿಡಿದರು.

ಮೆಟ್ಟಿಲು ಹತ್ತುವಾಗ ಅತ್ತೆಯ ಕಾಲು ನೆಲದ ಮೇಲಿರಲಿಲ್ಲ. "ನಿನ್ನ ಮಾತ್ರಿ ನೆಗಡಿಗೆ ಕೆಲಸ ಮಾಡೂದಿಲ್ಲ ಅಂದಿ. ಹಂಗಾರ ಆರಾಮ ಮಾಡಿದ್ದು ನನ್ನ ಕಷಾಯಾನ ಹೌದಲ್ಲ?"

ನೆಗಡಿ ಯಾರಿಗೂ ಕಾಯುವುದಿಲ್ಲ ಅತ್ತೆ, ಮಾತ್ರೆ ಕೊಟ್ಟರೂ ಕಷಾಯ ಕೊಟ್ಟರೂ ಏನೂ ಕೊಡದಿದ್ದರೂ ಅದರ ಪಾಡಿಗೆ ಅದು ಹೋಗುತ್ತದೆ. ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿದ ಉದಾಹರಣೆ ನಮ್ಮ ಮನೆಯಲ್ಲಿ ಇಲ್ಲ. ಅವತ್ತು ನುಂಗಿದೆ.

"ನನಗೂ ಒಂದು ಲೋಟ ಕೊಡಿ" ಅಂದೆ.

ಅತ್ತೆ ಮೆಟ್ಟಿಲ ಮೇಲೆಯೇ ನಿಂತರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕ, ಮತ್ತ ಯಂತ್ರಕ್ಕ ಹಾಕಾಕೇನು?"

"ಅಲ್ಲ ಅತ್ತೆ" ಅಂದೆ. "ಕುಡಿಯೋಕೆ."